ಸಿಹಿನೀರಿನ ಶಾಕು

— ಮಾವ, ಅಪ್ಪಟ ಶುದ್ಧ ನೀರಿನಲ್ಲಿ ಕರೆಂಟ್ ಹರಿಯಲ್ಲ ಅಂತ ಸೆಕೆಂಡ್ ಪಿಯು ಕ್ಲಾಸಿನಲ್ಲಿ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಹಾಗಾದ್ರೆ ಬಕೆಟ್ಟಿಗೆ ಫಿಲ್ಟರ್ ನೀರು ಹಾಕಿ ಕಾಯಿಸಿದ್ರೆ ಹೀಟರ್ ಕಾಯಿಲ್ ಶಾಕ್ ಹೊಡೆಯಲ್ವಾ ಮಿಸ್?’ ಅಂದ. ಕ್ಲಾಸೆಲ್ಲ ನಕ್ಕಿತು, ಬೆಲ್ಲೂ ಹೊಡೀತು. ಅವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ.

— ಏನು ಕೊಡಬೇಕು ಅಂತಿದ್ದೀಯ?

— ಉಪ್ಪು ಹೆಚ್ಚಿದ್ದಷ್ಟೂ ವಾಹಕತೆ ಹೆಚ್ಚು, ವಾಹಕತೆ ಹೆಚ್ಚಿದ್ದಷ್ಟೂ ಶಾಕ್ ಜೋರು. ಇಷ್ಟೇ ತಾನೆ?

— ಮೊದಲನೇ ಮಾತು ಸರಿ. ಎರಡನೇದು ಅರ್ಧ ಸರಿ. ಕೆಲವು ಕಡೆ ಅದು ಪೂರ್ತಿ ತಲೆಕೆಳಗಾಗುತ್ತೆ. ಸಮುದ್ರದ ನೀರಿಗಿಂತ ಕೆರೆ ನೀರೇ ಹೆಚ್ಚು ಅಪಾಯ ಅನ್ನೋ ಸಂದರ್ಭಗಳಿವೆ.

— ಕೆರೆ ನೀರಾ? ಅದು ಸಮುದ್ರದ ನೂರನೇ ಒಂದು ಪಾಲೂ ವಾಹಕ ಅಲ್ಲವಲ್ಲ.

— ಅದಕ್ಕೇ ಅಪಾಯ. ಅಲ್ಲಿಗೆ ಆಮೇಲೆ ಬರೋಣ. ಮೊದಲು ಯಾವ ನೀರು ಎಷ್ಟು ಅಂತ ನೀನು ಹೇಳು. ನಾನು ಲೈನು, ಟ್ರಾನ್ಸ್‌ಫಾರ್ಮರು ಅಂತ ಸರ್ವೀಸ್ ಕಳೆದವನು. ನೀರಿನ ಅಂಕಿಸಂಖ್ಯೆ ನಿಮ್ಮ ಕೆಮಿಸ್ಟ್ರಿಯವರದ್ದು.

— ಅಳತೆ ಸೆಂಟಿಮೀಟರಿಗೆ ಇಷ್ಟು ಮೈಕ್ರೊಸೀಮೆನ್ಸ್ ಅಂತ. ಉದ್ದ ಆಯ್ತು, ಬರೀ ‘ಮೈಕ್ರೊ’ ಅನ್ನೋಣ. ನೀರಿನಲ್ಲಿ ಬೇರೆ ಏನೂ ಇಲ್ಲದೆ ಬರೀ ನೀರೇ ಇದ್ದರೆ, 25 ಡಿಗ್ರಿಯಲ್ಲಿ 0.055 ಮೈಕ್ರೊ. ಆ ನೀರು ಮಾಡೋದೇ ಒಂದು ತಪಸ್ಸು. 1894ರಲ್ಲಿ ಜರ್ಮನಿಯಲ್ಲಿ ಕೋಲ್‌ರಾಷ್ ಮತ್ತು ಹೈಡ್‌ವೈಲರ್ ಅನ್ನೋರು ನಿರ್ವಾತದಲ್ಲಿ ಮತ್ತೆ ಮತ್ತೆ ಬಟ್ಟಿ ಇಳಿಸಿ ಇಳಿಸಿ ಆ ಹತ್ತಿರಕ್ಕೆ ಹೋದರು. ಅದನ್ನ ಗಾಳಿಗೆ ತೆರೆದಿಟ್ಟರೆ ಸಾಕು, ಇಂಗಾಲದ ಡೈಆಕ್ಸೈಡ್ ಕರಗಿ 1 ಮೈಕ್ರೊ ಹತ್ತಿರ ಬಂದುಬಿಡುತ್ತೆ. ಮಳೆ ನೀರು ಹತ್ತಿಪ್ಪತ್ತು. ಫಿಲ್ಟರ್ ನೀರು, ಅಂದರೆ ಆರ್‌ಓ, ಕೆಲವು ಹತ್ತುಗಳು. ನದಿಯಿಂದ ಬರೋ ನಲ್ಲಿ ನೀರು ಕೆಲವು ನೂರು. ಕೋಲಾರ, ಚಿತ್ರದುರ್ಗದ ಕಡೆ ಆಳದ ಬೋರ್‌ವೆಲ್‌ಗಳಲ್ಲಿ ಸಾವಿರ ದಾಟೋದು ಮಾಮೂಲು, ಎರಡು ಸಾವಿರವೂ ಬರುತ್ತೆ. ಸಮುದ್ರ 50,000.

— ಫಿಲ್ಟರ್ ಮಾರೋಕೆ ಬಂದ ಹುಡುಗ ಪೆನ್ನಿನ ಥರದ್ದೊಂದು ಮೀಟರ್ ಅದ್ದಿ, ‘ನಿಮ್ಮ ಟಿಡಿಎಸ್ 900 ಇದೆ ಅಂಕಲ್’ ಅಂತ ಹೆದರಿಸಿ ಹೋದ. ಅದು ಇದೇನಾ?

— ಇದೇ. ಆ ಮೀಟರು ಉಪ್ಪನ್ನ ತೂಗಲ್ಲ ಮಾವ. ಎರಡು ಪುಟ್ಟ ಲೋಹದ ತುದಿಗಳ ನಡುವೆ ವಾಹಕತೆ ಅಳೆದು, ಅದನ್ನ ಸುಮಾರು ಅರ್ಧ ಮಾಡಿ ತೋರಿಸುತ್ತೆ. 900 ತೋರಿಸಿದರೆ ವಾಹಕತೆ 1,800ರ ಆಸುಪಾಸು ಅಂತ ಲೆಕ್ಕ.

— ಸರಿ, ಈಗ ನನ್ನ ಲೆಕ್ಕ. ಒಂದು ಬಕೆಟ್ಟು, ಒಳಗೆ ಕಾಯಿಲ್. ಕಾಯಿಲಿನ ಮೇಲಿನ ಲೋಹದ ಕವಚ ಬಿರುಕು ಬಿಟ್ಟಿದೆ, ಒಳಗಿನ ಫೇಸು ನೀರಿಗೆ ತಾಗ್ತಿದೆ. ನಿನ್ನ ಹುಡುಗ ಬಿಸಿಯಾಗಿದೆಯಾ ಅಂತ ನೋಡೋಕೆ ಕೈ ಅದ್ದಿದ. ಬರಿಗಾಲು, ಬಚ್ಚಲ ನೆಲ ಒದ್ದೆ. ಕಾಯಿಲಿಂದ ಕೈಗೆ 10 ಸೆಂಟಿಮೀಟರ್ ನೀರು, ಅದರ ಅಡ್ಡಳತೆ 10 ಸೆಂಟಿಮೀಟರ್ ಚೌಕ ಅಂತಿಟ್ಟುಕೊ. ಒದ್ದೆ ಮೈ ಒಂದು ಸಾವಿರ ಓಮ್. ಈಗ ಒಂದೊಂದೇ ನೀರು ಹಾಕಿ ನೋಡು.

— ಹಾಗಾದರೆ ನೀರಿನ ರೋಧ ಅಂದರೆ... ಇರಿ, ಬರೀತೀನಿ. ಗಾಳಿಗಿಟ್ಟ ಡಿಸ್ಟಿಲ್ಡ್ ವಾಟರ್ ಆದರೆ ಒಂದು ಲಕ್ಷ ಓಮ್. ಮಳೆ ನೀರು 20 ಮೈಕ್ರೊ ಅಂದರೆ ಐದು ಸಾವಿರ. ನಲ್ಲಿ ನೀರು 500 ಮೈಕ್ರೊಗೆ ಇನ್ನೂರು ಓಮ್. ಬೋರ್‌ವೆಲ್ 2,000ಕ್ಕೆ ಐವತ್ತು. ಸಮುದ್ರದ ನೀರಿಗೆ ಬರೀ ಎರಡು ಓಮ್.

— ಮೈಯ ಸಾವಿರ ಓಮ್ ಕೂಡಿಸಿ 230 ವೋಲ್ಟನ್ನ ಭಾಗಿಸು.

— ಡಿಸ್ಟಿಲ್ಡ್‌ಗೆ ಎರಡು ಚಿಲ್ಲರೆ ಮಿಲಿಆಂಪಿಯರ್. ಮಳೆ ನೀರಿಗೆ 38. ನಲ್ಲಿ ನೀರಿಗೆ 192. ಬೋರ್‌ವೆಲ್‌ಗೆ 219. ಸಮುದ್ರಕ್ಕೆ 230... ಅಯ್ಯೋ, ಇದೇನು ಮಾವ, ನಲ್ಲಿ ನೀರಿಂದ ಸಮುದ್ರಕ್ಕೆ ಹೋದರೆ ವಾಹಕತೆ ನೂರು ಪಟ್ಟು ಏರುತ್ತೆ, ಶಾಕು ಐದನೇ ಒಂದು ಪಾಲು ಮಾತ್ರ ಏರಿತು!

— ನಲ್ಲಿ ನೀರಿಗೆ ಬರೋ ಹೊತ್ತಿಗೇ ನೀರಿನ ರೋಧ ಲೆಕ್ಕಕ್ಕೇ ಇಲ್ಲದ ಹಾಗೆ ಆಗಿರುತ್ತೆ. ಆಮೇಲೆ ಕರೆಂಟನ್ನ ತಡೀತಿರೋದು ಹುಡುಗನ ಮೈ ಮಾತ್ರ. ಇದು ಒರಟು ಲೆಕ್ಕ. ಬಕೆಟ್ಟಿನಲ್ಲಿ ಕರೆಂಟು ಇಟ್ಟಿಗೆ ಆಕಾರದಲ್ಲಿ ಹರಿಯಲ್ಲ, ಎಲ್ಲ ಕಡೆ ಹರಡುತ್ತೆ. ಆದರೂ ಅಂದಾಜು ಕೆಡಲ್ಲ. ಈಗ ಆ ಅಂಕಿಗಳನ್ನ ಇದರ ಪಕ್ಕ ಇಡು: ಅರ್ಧ, ಒಂದು ಮಿಲಿಆಂಪಿಯರಿಗೆ ಜುಮ್ ಅನ್ನುತ್ತೆ. ಹತ್ತರ ಆಸುಪಾಸಿಗೆ ಸ್ನಾಯು ಬಿಗಿದುಕೊಂಡು ಹಿಡಿದದ್ದನ್ನ ಬಿಡೋಕಾಗಲ್ಲ. ಇಪ್ಪತ್ತು ಮೂವತ್ತಕ್ಕೆ ಉಸಿರಾಟದ ಸ್ನಾಯುಗಳೂ ಕೈಕೊಡಬಹುದು. ಐವತ್ತು ದಾಟಿ ಒಂದು ಸೆಕೆಂಡಿನ ಮೇಲೆ ಹರಿದರೆ ಹೃದಯದ ಲಯವೇ ಕೆಟ್ಟು ಅದು ಸುಮ್ಮನೆ ಅದುರ್ತಾ ನಿಂತುಬಿಡಬಹುದು.

— ಅಂದರೆ ಮಳೆ ನೀರೇ ಸಾಕು.

— ಮಳೆ ನೀರೇ ಸಾಕು. ನಿನ್ನ ಹುಡುಗನ ಆರ್‌ಓ ನೀರು ಅದಕ್ಕಿಂತ ಸ್ವಲ್ಪ ಹೆಚ್ಚೇ ವಾಹಕ. ಮೇಲಾಗಿ ಅದು ಕಾಯ್ತಾ ಇದೆ.

— ಹೌದಲ್ಲ, ಡಿಗ್ರಿಗೆ ಸುಮಾರು ಎರಡು ಪರ್ಸೆಂಟ್ ವಾಹಕತೆ ಏರುತ್ತೆ. ಸ್ನಾನಕ್ಕೆ ಬಿಸಿಯಾಗೋ ಹೊತ್ತಿಗೆ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಅವನ ಕೈಯ ಬೆವರಿನ ಉಪ್ಪು ಕರಗಿದ್ದು ಬೇರೆ.

— ಆ ಬೆವರಿನ ವಿಷಯ ಚೆನ್ನಾಗಿ ನೆನಪಿಸಿದೆ. ನಾನು ಒದ್ದೆ ಮೈ ಸಾವಿರ ಓಮ್ ಅಂತ ಸಲೀಸಾಗಿ ಹೇಳಿಬಿಟ್ಟೆ. ಆ ಸಾವಿರದೊಳಗೂ ನೀರಿನ ವಾಹಕತೆ ಕೂತಿದೆ. ಮನುಷ್ಯನಿಗೆ ಕರೆಂಟಿನಿಂದ ಕಾಪು ಇರೋದು ಚರ್ಮದ ತೀರ ಮೇಲಿನ ಸತ್ತ ಪದರ. ಎಷ್ಟು ದಪ್ಪ ಅಂತೀಯ? ಮಿಲಿಮೀಟರಿನ ಐವತ್ತನೇ ಒಂದು ಭಾಗ. ಅಂಗೈ ಅಂಗಾಲಲ್ಲಿ ಹೆಚ್ಚು. ಒಣಗಿದ್ದಾಗ ಅದೊಂದೇ ಹತ್ತಾರು ಸಾವಿರ ಓಮ್ ಕೊಡುತ್ತೆ. ಒದ್ದೆಯಾದರೆ, ಅದರಲ್ಲೂ ಉಪ್ಪಿನ ಒದ್ದೆಯಾದರೆ, ಕಾಪು ಹೋಯ್ತು. ಒಳಗಿನ ರಕ್ತ ಮಾಂಸದ್ದು ಕೈಯಿಂದ ಕಾಲಿಗೆ ಬರೀ ಐನೂರು ಆರುನೂರು ಓಮ್.

— ಹಾಗಾದರೆ ಬರೀ ನೀರಲ್ಲಿ ನೆನೆದ ಕೈಗಿಂತ ಬೆವೆತ ಕೈ ಕೆಟ್ಟದ್ದು?

— ಹೌದು. ಅಮೆರಿಕದ ಬರ್ಕ್‌ಲಿಯಲ್ಲಿ ಚಾರ್ಲ್ಸ್ ಡಾಲ್ಜಿಯಲ್ ಅಂತ ಪ್ರೊಫೆಸರ್ ಇದ್ದರು. ಹಿಡಿದ ತಂತಿಯನ್ನ ಮನುಷ್ಯ ಎಷ್ಟು ಕರೆಂಟಿನವರೆಗೆ ತಾನೇ ಬಿಡಬಲ್ಲ ಅಂತ ಸ್ವಯಂಸೇವಕರ ಮೇಲೇ ಅಳೆದವರು. ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಿಗೆ ಹತ್ತೂವರೆ. ಆ ಪ್ರಯೋಗಕ್ಕೆ ಕೈಯನ್ನ ಉಪ್ಪು ನೀರಲ್ಲಿ ಒದ್ದೆ ಮಾಡಿಸೋರು. ಚರ್ಮ ಒಬ್ಬೊಬ್ಬರಿಗೆ ಒಂದೊಂದು ಥರ. ಆ ತಕರಾರನ್ನೇ ತೆಗೆದುಹಾಕೋಕೆ. ನಮ್ಮ ಪಂಪ್‌ಸೆಟ್ ಮನೆಗಳಲ್ಲಿ ಆ ಪ್ರಯೋಗ ದಿನಾ ನಡೆಯುತ್ತೆ ನೋಡು. ರಾತ್ರಿ ತ್ರೀ ಫೇಸ್ ಬಂತು ಅಂತ ರೈತ ಎದ್ದು ಹೋಗ್ತಾನೆ. ಕಾಲಿಗೆ ಕೆಸರು, ಕೈಗೆ ಬೆವರು, ಸ್ಟಾರ್ಟರ್ ಡಬ್ಬಿಯ ಬಾಗಿಲು ಎಂದೋ ಕಿತ್ತುಹೋಗಿದೆ, ಫ್ಯೂಸ್ ಜಾಗದಲ್ಲಿ ದಪ್ಪ ತಂತಿ ಸುತ್ತಿದೆ. ಗೊಬ್ಬರ ಕಲೆಸಿದ ಕೈಯಾದರೆ ಇನ್ನೂ ಚೆಂದ. ಯೂರಿಯಾ ಅಷ್ಟಿಲ್ಲ, ಪೊಟ್ಯಾಷ್ ಪಕ್ಕಾ ಉಪ್ಪು.

— ಇಷ್ಟರವರೆಗೂ ನನ್ನ ಮಾತೇ ಸರಿ ಆಯ್ತಲ್ಲ ಮಾವ. ಉಪ್ಪು ಹೆಚ್ಚಿದಷ್ಟೂ ಕೆಟ್ಟದ್ದು. ಒಂದು ಹಂತದ ಮೇಲೆ ಏರಿಕೆ ನಿಧಾನ ಆಗುತ್ತೆ, ಅಷ್ಟೆ.

— ಇಷ್ಟರವರೆಗೆ. ಯಾಕೆಂದರೆ ಇಷ್ಟರವರೆಗೆ ನೀರೂ ಮೈಯೂ ಒಂದೇ ಸಾಲಿನಲ್ಲಿವೆ, ಸೀರೀಸ್. ತಂತಿ, ನೀರು, ಮನುಷ್ಯ, ನೆಲ. ಕರೆಂಟು ನೀರನ್ನ ದಾಟಿ ಬಂದು ಮನುಷ್ಯನನ್ನೂ ದಾಟಲೇಬೇಕು. ಈಗ ಮನುಷ್ಯನನ್ನ ನೀರಿನೊಳಗೇ ಮುಳುಗಿಸು. ಕೆರೆಯಲ್ಲಿ ಈಜ್ತಿದ್ದಾನೆ, ಸುತ್ತಲೂ ನೀರು, ಎಲ್ಲೋ ಒಂದು ಕಡೆ ಫೇಸು ಸೋರ್ತಾ ಇದೆ. ಈಗ ಕರೆಂಟಿಗೆ ಎರಡು ದಾರಿ: ಅವನ ಮೈಯೊಳಗಿಂದ, ಇಲ್ಲ ಅವನ ಪಕ್ಕದ ನೀರಿನಿಂದ.

— ಪ್ಯಾರಲೆಲ್. ಕರೆಂಟು ಸುಲಭದ ದಾರಿ ಹಿಡಿಯುತ್ತೆ.

— ಆ ಮಾತನ್ನ ಮಾತ್ರ ಮಕ್ಕಳಿಗೆ ಹೇಳಬೇಡ. ಕರೆಂಟು ಸುಲಭದ ದಾರಿಯೊಂದನ್ನೇ ಹಿಡಿಯಲ್ಲ, ಇರೋ ದಾರಿಯನ್ನೆಲ್ಲ ಹಿಡಿಯುತ್ತೆ. ಛತ್ರದಲ್ಲಿ ಊಟದ ಹಾಲಿಗೆ ಎರಡು ಬಾಗಿಲಿದ್ದರೆ ಜನ ಎರಡರಲ್ಲೂ ನುಗ್ತಾರೆ. ದೊಡ್ಡದರಲ್ಲಿ ಹೆಚ್ಚು, ಚಿಕ್ಕದರಲ್ಲಿ ಕಡಿಮೆ. ಇದನ್ನ ಮೊದಲು ಸರಿಯಾಗಿ ಬಿಡಿಸಿ ಹೇಳಿದವನು ಹೆನ್ರಿ ಕ್ಯಾವೆಂಡಿಶ್.

— ಹೈಡ್ರೋಜನ್ ಕ್ಯಾವೆಂಡಿಶ್?

— ಅವನೇ. ನಿಮ್ಮವರು ಹೈಡ್ರೋಜನ್‌ಗೆ ಅವನನ್ನ ನೆನೀತಾರೆ, ನಾವು ಶಾಕಿಗೆ ನೆನೀಬೇಕು. ಸಮುದ್ರದಲ್ಲಿ ಟಾರ್ಪಿಡೊ ಅಂತ ಒಂದು ಜಾತಿ ಮೀನಿದೆ, ನಮ್ಮ ಕರಾವಳಿಯವರು ತೊರಕೆ ಅನ್ನೋ ಗುಂಪಿನದ್ದು, ಚಪ್ಪಟೆ. ಮುಟ್ಟಿದರೆ ಕೈ ಜೋಮು ಹಿಡಿಸುತ್ತೆ. ಅದು ಹೊಡೆಯೋದು ಕರೆಂಟೇ ಅಂತ ಜಾನ್ ವಾಲ್ಶ್ ಅನ್ನೋನು 1772ರಲ್ಲಿ ಫ್ರಾನ್ಸ್ ಕರಾವಳಿಯಲ್ಲಿ ಪ್ರಯೋಗ ಮಾಡಿ ವಾದಿಸಿದ. ಎಷ್ಟೋ ಜನ ಒಪ್ಪಲಿಲ್ಲ. ಸಮುದ್ರದ ನೀರು ಇಷ್ಟು ಒಳ್ಳೆ ವಾಹಕ ಅಲ್ವಾ, ಕರೆಂಟೆಲ್ಲ ನೀರಲ್ಲೇ ಹರಿದುಹೋಗಬೇಕಲ್ಲ, ಮುಟ್ಟಿದವನ ಕೈಗೆ ಹೇಗೆ ಬಂತು ಅಂತ ಅವರ ತಕರಾರು. ಕ್ಯಾವೆಂಡಿಶ್ ಹೇಳಿದ: ಬಹುಪಾಲು ನೀರಲ್ಲೇ ಹೋಗುತ್ತೆ, ಒಂದು ಪಾಲು ಕೈಗೂ ಬರುತ್ತೆ. ತೋರಿಸೋಕೆ ಒಂದು ಸುಳ್ಳು ಮೀನನ್ನೇ ಮಾಡಿಸಿದ. ಮೊದಲನೇದು ಮರದ್ದು. ನೀರಿನ ಹೊರಗೆ ಚೆನ್ನಾಗಿ ಹೊಡೀತು, ಉಪ್ಪು ನೀರಿನೊಳಗೆ ಮುಳುಗಿಸಿದರೆ ಸಪ್ಪೆ.

— ಯಾಕೆ?

— ನೆನೆದ ಮರದ ವಾಹಕತೆ ಮೀನಿನ ಮೈಯಷ್ಟಿರಲಿಲ್ಲ. ಅದಕ್ಕೆ ಎರಡನೇದನ್ನ ಚಪ್ಪಲಿ ಹೊಲಿಯೋ ದಪ್ಪ ಚರ್ಮದ ಪದರಗಳಲ್ಲಿ ಮಾಡಿ, ಉಪ್ಪು ನೀರಲ್ಲಿ ನೆನೆಸಿ, ಕುರಿ ಚರ್ಮ ಹೊದಿಸಿ, ವಿದ್ಯುತ್ತನ್ನ ಕೂಡಿಡೋ ಲೇಡನ್ ಜಾಡಿಗಳಿಂದ ಕರೆಂಟು ಕೊಟ್ಟ. ಅದು ನೀರೊಳಗೂ ಹೊಡೀತು. 1775ರಲ್ಲಿ ವಿಜ್ಞಾನಿ ಪ್ರೀಸ್ಟ್ಲಿ, ಸರ್ಜನ್ ಜಾನ್ ಹಂಟರ್ ಥರದವರನ್ನ ಮನೆಗೆ ಕರೆದು ಮುಟ್ಟಿಸಿದ. ಮಾತೇ ಆಡದ ಸಂಕೋಚದ ಮನುಷ್ಯ ಅಂತ ಅವನಿಗೆ ಹೆಸರು. ಅಂಥವನು ನೆಂಟರನ್ನ ಕರೆದು ಶಾಕ್ ಕೊಟ್ಟ ಅನ್ನೋದು ನಂಗೆ ಬಹಳ ಇಷ್ಟ. 1776ರ ಅವನ ಪ್ರಬಂಧದಲ್ಲಿ ನಿನಗೆ ಬೇಕಾದ ಅಂಕಿಯೂ ಇದೆ: ಮಳೆ ನೀರಿಗಿಂತ ಸಮುದ್ರದ ನೀರು ನೂರು ಪಟ್ಟು, ಉಪ್ಪು ಕರಗೋಷ್ಟೂ ಕರಗಿಸಿದ ನೀರು 720 ಪಟ್ಟು ಚೆನ್ನಾಗಿ ಕರೆಂಟು ಹರಿಸುತ್ತೆ ಅಂತ.

— ಆಗ ಮೀಟರೇ ಇರಲಿಲ್ಲವಲ್ಲ ಮಾವ. ಗ್ಯಾಲ್ವನೋಮೀಟರ್ ಬಂದದ್ದು 1820ರ ನಂತರ.

— ಅವನೇ ಮೀಟರು. ಒಂದು ಗಾಜಿನ ಕೊಳವೆಯಲ್ಲಿ ಉಪ್ಪು ನೀರು, ಇನ್ನೊಂದರಲ್ಲಿ ಬೇರೆ ನೀರು. ಒಂದರ ಮೂಲಕ ಶಾಕ್ ತಗೋ, ಇನ್ನೊಂದರ ಮೂಲಕ ಶಾಕ್ ತಗೋ, ಯಾವುದು ಜೋರು? ಎರಡೂ ಸಮ ಅನ್ನಿಸೋವರೆಗೆ ಕೊಳವೆಯೊಳಗಿನ ತಂತಿ ಹಿಂದೆ ಮುಂದೆ ಸರಿಸು. ಇಂಥ ಪ್ರಯೋಗಗಳ ಟಿಪ್ಪಣಿಗಳಲ್ಲಿ ಬಹಳಷ್ಟನ್ನ ಅವನು ಅಚ್ಚಿಗೇ ಕೊಡಲಿಲ್ಲ. ನೂರು ವರ್ಷ ಕಳೆದು, 1879ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಹೊರತಂದ.

— ನೀರಿನ ವಾಹಕತೆಗೂ ಶಾಕಿನ ತೀವ್ರತೆಗೂ ಸಂಬಂಧ ಏನು ಅಂತ ನಾನು ಕೇಳ್ತಿದ್ದೀನಿ, ಅವನು ಶಾಕಿನ ತೀವ್ರತೆಯಿಂದಲೇ ವಾಹಕತೆ ಅಳೆದ. ಚೆನ್ನಾಗಿದೆ. ಈಗ ಆ ಕೆರೆಯಲ್ಲಿ ಈಜೋನ ಕಥೆ ಮುಗಿಸಿ.

— ನೀನೇ ಮುಗಿಸ್ತೀಯ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕ್ತಾರಲ್ಲ, ಸಲೈನ್, ಅದರಲ್ಲಿ ಉಪ್ಪೆಷ್ಟು?

— ಲೀಟರಿಗೆ 9 ಗ್ರಾಂ. ಸಮುದ್ರದಲ್ಲಿ ಸುಮಾರು 35. ಸಲೈನಿನ ವಾಹಕತೆ 16,000 ಮೈಕ್ರೊ ಹತ್ತಿರ. ರಕ್ತದಲ್ಲಿ ಕಣಗಳು ತುಂಬಿರೋದರಿಂದ ಅದರ ಅರ್ಧಕ್ಕಿಂತ ಕಡಿಮೆ, ಏಳು ಸಾವಿರ ಅನ್ನಬಹುದು. ಮಾಂಸಖಂಡ ಇನ್ನೂ ಸ್ವಲ್ಪ ಕೆಳಗೆ... ಓ! ಮೈ ಕೆಲವು ಸಾವಿರ, ಕೆರೆ ಕೆಲವು ನೂರು, ಸಮುದ್ರ ಐವತ್ತು ಸಾವಿರ. ಕೆರೆಯಲ್ಲಿ ಮುಳುಗಿದವನ ಮೈ ಸುತ್ತಲಿನ ನೀರಿಗಿಂತ ಹತ್ತು ಪಟ್ಟು ಒಳ್ಳೆ ದಾರಿ!

— ಅದೇ ಸಮುದ್ರದಲ್ಲಾದರೆ ಅವನ ಮೈ ಹತ್ತು ಪಟ್ಟು ಕೆಟ್ಟ ದಾರಿ. ಸಮುದ್ರದಲ್ಲಿ ಕರೆಂಟು ಅವನ ಪಕ್ಕಕ್ಕೆ ಹಾಯ್ದು ಹೋಗುತ್ತೆ, ಕೆರೆಯಲ್ಲಿ ಅವನೊಳಗೇ ಬಂದು ಸೇರುತ್ತೆ. ಅಮೆರಿಕದಲ್ಲಿ ಸಿಹಿನೀರಿನ ಸರೋವರ, ನದಿಗಳ ದಡದಲ್ಲಿ ದೋಣಿ ಕಟ್ಟೋ ಕಟ್ಟೆಗಳಿರುತ್ತೆ. ದೋಣಿಗೆ ಕರೆಂಟು ಕೊಟ್ಟಿರ್ತಾರೆ, ಆ ವೈರಿಂಗಲ್ಲೋ ದೋಣಿಯಲ್ಲೋ ಸೋರಿಕೆ. ಪಕ್ಕದಲ್ಲಿ ಮಕ್ಕಳು ಈಜ್ತಿರ್ತಾರೆ. ಅಡಿಗೆ ಎರಡು ವೋಲ್ಟಿನ ವ್ಯತ್ಯಾಸ ಇದ್ದರೂ ಸಿಹಿನೀರಲ್ಲಿ ಅದು ಜೀವ ತೆಗೆಯಬಲ್ಲದು ಅಂತ ಅಲ್ಲಿಯ ತಜ್ಞರು ಹೇಳ್ತಾರೆ. ಹೃದಯ ನಿಲ್ಲಬೇಕು ಅಂತಲೂ ಇಲ್ಲ. ಕೈಕಾಲು ಬಿಗಿದರೆ ಸಾಕು, ಆಡಿಸೋಕಾಗದೆ ಮುಳುಗಿಬಿಡ್ತಾರೆ. ಮೈಮೇಲೆ ಸುಟ್ಟ ಗುರುತು ಇರಲ್ಲ, ಈಜು ಬರುವವರು ಯಾಕೆ ಮುಳುಗಿದರು ಅಂತ ಯಾರಿಗೂ ತಿಳಿಯಲ್ಲ. ಕಾಪಾಡೋಕೆ ಹಾರಿದವನೂ ಅಲ್ಲೇ. ಇಂಥ ಸಾವುಗಳು ಬಹುಪಾಲು ಸಿಹಿನೀರಿನಲ್ಲೇ ಆಗೋದು.

— ನಮ್ಮಲ್ಲಿ ಆ ಥರ ದೋಣಿಕಟ್ಟೆಗಳೆಲ್ಲಿವೆ?

— ಮಲೆನಾಡಿನ ಹಳ್ಳಗಳಿವೆಯಲ್ಲ. ಆ ನೀರು ತೀರ ಮೆದು, ಉಪ್ಪಿನಂಶ ಬಹಳ ಕಡಿಮೆ. ಲೈನಿಗೆ ಕೊಕ್ಕೆ ಹಾಕಿ ತಂತಿಯನ್ನ ಹಳ್ಳಕ್ಕಿಳಿಸಿ ಮೀನು ಹಿಡಿಯೋ ಕಳ್ಳದಂಧೆ ಅದಕ್ಕೇ ಅಲ್ಲಿ ನಡೆಯೋದು. ಮೀನಿನ ಮೈ ಹಳ್ಳದ ನೀರಿಗಿಂತ ಉಪ್ಪು, ಕರೆಂಟು ಮೀನನ್ನೇ ಹುಡುಕಿಕೊಂಡು ಹೋದ ಹಾಗಾಗುತ್ತೆ. ಬಲೆ ಹಿಡಿದು ಇಳಿದವನೂ ಮೀನಿನ ಲೆಕ್ಕಕ್ಕೇ ಸೇರ್ತಾನೆ. ಇದೇ ಉಪಾಯ ಸಮುದ್ರದಲ್ಲಿ ನಡೆಯಲ್ಲ. ಪ್ರಕೃತಿಗೂ ಇದು ಗೊತ್ತು ನೋಡು. ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಹೊಳೆಗಳಲ್ಲಿ ಹಾವಿನ ಥರದ ಎಲೆಕ್ಟ್ರಿಕ್ ಈಲ್ ಇದೆ. ನೀರು ಸಪ್ಪೆ, ವೋಲ್ಟೇಜ್ ಇಲ್ಲದೆ ಕರೆಂಟು ನೂಕೋಕಾಗಲ್ಲ. ಸಾವಿರಾರು ಜೀವಕೋಶಗಳನ್ನ ಸಾಲಾಗಿ ಜೋಡಿಸಿಕೊಂಡಿದೆ. 2019ರಲ್ಲಿ ಗುರುತಿಸಿದ ಒಂದು ಜಾತಿ 860 ವೋಲ್ಟ್ ಹೊಡೆದದ್ದು ದಾಖಲಾಗಿದೆ. ಸಮುದ್ರದ ಟಾರ್ಪಿಡೊ ಹತ್ತಾರು ವೋಲ್ಟಿನಲ್ಲೇ ಕೆಲಸ ಮುಗಿಸುತ್ತೆ, ಅದಕ್ಕೆ ಬೇಕಾಗಿರೋದು ಆಂಪಿಯರು. ಅದರ ಕೋಶಗಳ ಕಂಬಗಳು ಅಕ್ಕಪಕ್ಕ, ಪ್ಯಾರಲೆಲ್ಲಾಗಿ ನಿಂತಿವೆ.

— ಇದನ್ನ ಝೂವಾಲಜಿ ಮೇಡಮ್‌ಗೆ ಹೇಳಬೇಕು. ಆದರೆ ಒಂದು ಅನುಮಾನ. ಹಾಗಾದರೆ ಸಮುದ್ರದ ನೀರು ಸುರಕ್ಷಿತ ಅಂತ ಹೇಳೋಕಾಗುತ್ತಾ?

— ಹೇಳೋಕಾಗಲ್ಲ. ಮುಳುಗಿದ್ದಾಗಿನ ಮಾತು ಅದು. ಸಮುದ್ರದಿಂದ ಎದ್ದು ಬಂದು, ಉಪ್ಪು ನೀರು ತೊಟ್ಟಿಕ್ಕೋ ಕೈಯಲ್ಲಿ ದೋಣಿಯ ಸೀಳಿದ ವೈರು ಮುಟ್ಟಿದರೆ, ನೀನು ಮೊದಲು ಹೇಳಿದೆಯಲ್ಲ, ಆ ಲೆಕ್ಕಕ್ಕೆ ವಾಪಸ್. ಡಾಲ್ಜಿಯಲ್ ಒದ್ದೆ ಮಾಡಿಸಿದ ಕೈ ಅದು. ನೀರು ನಿನ್ನ ಮತ್ತು ತಂತಿಯ ಮಧ್ಯೆ ಇದೆಯೋ, ನಿನ್ನ ಸುತ್ತ ಇದೆಯೋ, ಅದನ್ನ ಮೊದಲು ನೋಡಬೇಕು. ನೀರು ಎಷ್ಟು ವಾಹಕ ಅನ್ನೋದು ಎರಡನೇ ಪ್ರಶ್ನೆ. ಕರಾವಳಿಯಲ್ಲಿ ಲೈನ್‌ಮನ್‌ಗಳಿಗೆ ಇನ್ನೊಂದು ಕಾಟ. ಕಂಬದ ಪಿಂಗಾಣಿ ಇನ್ಸುಲೇಟರ್ ಮೇಲೆ ಕಡಲ ಗಾಳಿ ಉಪ್ಪಿನ ಪುಡಿ ಮೆತ್ತುತ್ತೆ. ಒಣಗಿದ್ದಷ್ಟು ದಿನ ತೊಂದರೆ ಇಲ್ಲ. ಇಬ್ಬನಿ ಬಿತ್ತು, ತುಂತುರು ಹನಿಯಿತು ಅಂದರೆ ಆ ಉಪ್ಪು ಕರಗಿ ಇನ್ಸುಲೇಟರ್ ಮೇಲೇ ಒಂದು ದಾರಿ ಆಗಿ ಚಟಚಟ ಅಂತ ಕಿಡಿ ಹಾರುತ್ತೆ. ವಿಚಿತ್ರ ಅಂದರೆ ಜೋರು ಮಳೆ ಬಂದರೆ ಒಳ್ಳೇದು, ಉಪ್ಪನ್ನ ತೊಳೆದುಬಿಡುತ್ತೆ. ದೊಡ್ಡ ಸಬ್‌ಸ್ಟೇಷನ್‌ಗಳಲ್ಲಿ ಕರೆಂಟು ಆಫ್ ಮಾಡದೆ ಇನ್ಸುಲೇಟರಿಗೆ ನೀರು ಚಿಮ್ಮಿಸಿ ತೊಳೆಯೋ ಪದ್ಧತಿಯೂ ಇದೆ. ಅದಕ್ಕೆ ಬಳಸೋದು ಲವಣ ತೆಗೆದ ನೀರು. ಚಿಮ್ಮಿಸೋ ಮೊದಲು ಅದರ ವಾಹಕತೆ ಅಳೀತಾರೆ.

— ಅಂದರೆ ಶುದ್ಧ ನೀರು ಹರಿಸಲ್ಲ ಅನ್ನೋ ನನ್ನ ಪಾಠ ಅಲ್ಲಿ ಮಾತ್ರ ನಿಜ.

— ಅಲ್ಲಿ ಮಾತ್ರ, ಅದೂ ಅಳೆದುಕೊಂಡು. ಈಗ ನನಗೆ ಎಲ್ಲಕ್ಕಿಂತ ತಲೆ ಕೆಡಿಸಿದ ವಿಷಯ ಹೇಳ್ತೀನಿ. ನೀನು ಬರೆದುಕೊಂಡ ಹಾಳೆ ಕೊಡು. ನಲ್ಲಿ ನೀರು ಇನ್ನೂರು ಓಮ್, ಸಮುದ್ರ ಎರಡು ಓಮ್. ಈಗ ಆ ಬಕೆಟ್ಟಿನಿಂದ ಹುಡುಗನನ್ನ ತೆಗೆದುಹಾಕು. ಅವನ ಕೈ ಇದ್ದ ಜಾಗದಲ್ಲಿ ನೆಲಕ್ಕೆ ಕೂಡಿದ ಒಂದು ಲೋಹದ ತಗಡು ಇದೆ ಅಂತ ಇಟ್ಟುಕೊ. ಎಷ್ಟು ಕರೆಂಟು ಹರಿಯುತ್ತೆ?

— ಸಮುದ್ರದ ನೀರಿಗೆ 115 ಆಂಪಿಯರ್. ನಲ್ಲಿ ನೀರಿಗೆ ಒಂದು ಆಂಪಿಯರ್ ಚಿಲ್ಲರೆ.

— ನಿಮ್ಮ ಮನೆಯ ಬಚ್ಚಲ ಲೈನಿಗೆ 16 ಆಂಪಿಯರಿನ ಎಂಸಿಬಿ ಇದೆ. ಸಮುದ್ರದ ನೀರಾದರೆ ಅದು ತಾಳಲ್ಲ, ಬಿದ್ದುಹೋಗುತ್ತೆ, ಕಥೆ ಮುಗೀತು. ನಲ್ಲಿ ನೀರಿನ ಒಂದು ಆಂಪಿಯರ್ ಅದಕ್ಕೆ ಮೂರ್ನಾಲ್ಕು ಫ್ಯಾನಿನ ಲೆಕ್ಕ. ತಣ್ಣಗೆ ಕೂತಿರುತ್ತೆ. ಆದರೆ ಆ ಒಂದು ಆಂಪಿಯರಿನಲ್ಲಿ ಇಪ್ಪತ್ತನೇ ಒಂದು ಪಾಲು ಮನುಷ್ಯನ ಮೈಗೆ ಬಂದರೂ ಹೃದಯಕ್ಕೆ ಕುತ್ತು. ನಮ್ಮ ನಲ್ಲಿ, ಬಾವಿ, ಬೋರ್‌ವೆಲ್, ರಸ್ತೆಯ ಮಳೆನೀರು, ಎಲ್ಲವೂ ಈ ಅರೆಬರೆ ಜಾತಿಯವು. ಮನುಷ್ಯನನ್ನ ಕೊಲ್ಲೋಷ್ಟು ಹರಿಸುತ್ತವೆ, ಫ್ಯೂಸು ಸುಡೋಷ್ಟು ಹರಿಸಲ್ಲ. ಬೆಂಗಳೂರಿನಲ್ಲಿ ಮಳೆ ಬಂದು ರಸ್ತೆ ತುಂಬಿದಾಗ ಬೀದಿದೀಪದ ಕಂಬ ಹಿಡಿದು ಸತ್ತರು ಅಂತ ಓದ್ತೀವಲ್ಲ, ಅಲ್ಲಿ ಟ್ರಾನ್ಸ್‌ಫಾರ್ಮರಿನ ಫ್ಯೂಸು ನೂರಾರು ಆಂಪಿಯರ್ ಹೊರೋದು. ರಸ್ತೆ ನೀರಿಗೆ ಒಂದೆರಡು ಆಂಪಿಯರ್ ಸೋರಿದ್ದು ಅದಕ್ಕೆ ಗೊತ್ತೇ ಆಗಲ್ಲ.

— ಕೃಷಿ ಹೊಂಡದಲ್ಲಿ?

— ಅದು ಇನ್ನೊಂದು ಥರ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆ ತುಂಬ ಹೊಂಡಗಳು. ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರ್ತಾರೆ, ನೀರು ಇಂಗಬಾರದು ಅಂತ. ಪ್ಲಾಸ್ಟಿಕ್ಕು ಕರೆಂಟನ್ನೂ ನೆಲಕ್ಕೆ ಬಿಡಲ್ಲ. ಮೋಟಾರಿನ ವೈಂಡಿಂಗ್ ಸುಟ್ಟು ಫೇಸು ನೀರಿಗೆ ಬಂದರೆ ಹೊಂಡದ ನೀರೆಲ್ಲ ಫೇಸಾಗಿ ಸುಮ್ಮನೆ ಕಾಯ್ತಾ ಇರಬಹುದು. ಸೋರಿಕೆಯೇ ಇಲ್ಲ, ಏನೂ ಟ್ರಿಪ್ ಆಗಲ್ಲ. ದಡದಲ್ಲಿ ನಿಂತು ಯಾರಾದರೂ ಕೈ ಅದ್ದಿದರೆ, ಇಲ್ಲ ಈಜ್ತಿದ್ದವನು ದಡದ ಮಣ್ಣು ಹಿಡಿದರೆ, ಅವನೇ ಆ ಹೊಂಡಕ್ಕೆ ನೆಲದ ದಾರಿ.

— ಮೈ ಜುಮ್ ಅನ್ನುತ್ತೆ ಮಾವ. ಸರಿ, ಎಂಸಿಬಿಗೆ ತಿಳಿಯಲ್ಲ ಅಂದರೆ ಯಾವುದಕ್ಕೆ ತಿಳಿಯುತ್ತೆ?

— ಆರ್‌ಸಿಸಿಬಿಗೆ. ಹಳೇ ಕಾಲದವರು ಇಎಲ್‌ಸಿಬಿ ಅಂತಾರೆ. ಅದು ಫೇಸಿನಲ್ಲಿ ಹೋದ ಕರೆಂಟನ್ನ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂದದ್ದಕ್ಕೆ ಹೋಲಿಸ್ತಾ ಇರುತ್ತೆ. 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ, ಜೋರು ಸೋರಿಕೆಯಾದರೆ ಇನ್ನೂ ಬೇಗ, ಕಡಿದುಹಾಕುತ್ತೆ. ಕಾವೇರಿ ನೀರೋ ಬೋರ್‌ವೆಲ್ಲೋ ಅದಕ್ಕೆ ಬೇಕಾಗಿಲ್ಲ. ಇದರ ತಮ್ಮನಂಥದ್ದನ್ನ, 5 ಮಿಲಿಆಂಪಿಯರಿಗೇ ಬೀಳೋದನ್ನ, 1961ರಲ್ಲಿ ಅಮೆರಿಕದಲ್ಲಿ ಮಾಡಿದವರೂ ಆ ಡಾಲ್ಜಿಯಲ್ಲೇ. ಒಂದು ಕೈಯಲ್ಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ಲು ಹಿಡಿದು, ನೆಲ ಮುಟ್ಟದೆ ನಿಂತರೆ ಮಾತ್ರ ಅದು ಕಾಪಾಡಲ್ಲ. ಅದಕ್ಕೆ ನೀನೂ ಒಂದು ಬಲ್ಬು ಅಷ್ಟೆ.

— ನಮ್ಮ ಮನೆಯಲ್ಲಿ ಆರ್‌ಸಿಸಿಬಿ ಇಲ್ಲ. ಅರ್ಥಿಂಗ್ ಇದೆಯಲ್ಲ, ಸಾಲದಾ?

— ಅರ್ಥಿಂಗ್ ಗುಂಡಿಗೆ ಏನೇನು ಹಾಕ್ತಾರೆ ಗೊತ್ತಾ?

— ಇದ್ದಿಲು, ಉಪ್ಪು.

— ಎರಡೂವರೆ ಮೀಟರಿನ ಜಿಐ ಪೈಪ್ ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು. ಮೇಲೆ ಒಂದು ಆಲಿಕೆ, ಬೇಸಿಗೆಯಲ್ಲಿ ನೀರು ಹೊಯ್ಯೋಕೆ. ನಾವು ಇಷ್ಟು ಹೊತ್ತು ಯಾವುದಕ್ಕೆ ಹೆದರಿದೆವೋ ಅದನ್ನೇ ಬೇಕು ಅಂತ ಮಾಡ್ತೀವಿ; ಉಪ್ಪು ನೀರು ಮಾಡಿ ಮಣ್ಣಿನ ವಾಹಕತೆ ಏರಿಸ್ತೀವಿ, ಸೋರಿದ ಕರೆಂಟು ಮನುಷ್ಯನ ಬದಲು ಆ ದಾರಿಯಲ್ಲಿ ಹೋಗಲಿ ಅಂತ. ನೀರು ಹೊಯ್ಯದೆ ಗುಂಡಿ ಒಣಗಿ ಅದರ ರೋಧ ಇನ್ನೂರು ಓಮ್ ಆಯ್ತು ಅನ್ನು. ಮತ್ತೆ ಅದೇ ಒಂದು ಆಂಪಿಯರ್ ಚಿಲ್ಲರೆ, ಮತ್ತೆ ಎಂಸಿಬಿ ಬೀಳಲ್ಲ. ಗೀಸರಿನ ಸೋರಿಕೆ ಅರ್ಥ್ ವೈರಿನಲ್ಲಿ ಸುತ್ತಿ ಬಂದು ನಿಮ್ಮ ಫ್ರಿಜ್ಜಿನ ಬಾಗಿಲಿಗೂ, ವಾಷಿಂಗ್ ಮಷೀನಿಗೂ ಹತ್ತಿ ಕೂರುತ್ತೆ. ಮೂರನೇ ಪಿನ್ನು ಇಲ್ಲದೆ ಇದ್ದಿದ್ದರೇ ಮೇಲಿತ್ತು ಅನ್ನೋ ಹಾಗೆ.

— ಗುಂಡಿಗೆ ಉಪ್ಪು ಮತ್ತೆ ಸುರಿದರೆ?

— ಸುರೀಬಹುದು. ಉಪ್ಪು ಪೈಪನ್ನ ತಿನ್ನುತ್ತೆ, ಮಳೆಗೆ ಕೊಚ್ಚಿಯೂ ಹೋಗುತ್ತೆ. ಈಗ ಬೆಂಟೊನೈಟ್ ಜೇಡಿ ತುಂಬಿ ತಾಮ್ರದ ಲೇಪದ ರಾಡ್ ಹಾಕೋದು ಬಂದಿದೆ. ಒಬ್ಬ ಒಳ್ಳೆ ವೈರ್‌ಮನ್ ಕರೆಸಿ ಮೊದಲು ಅರ್ಥ್ ಮೀಟರಿನಲ್ಲಿ ಎಷ್ಟು ಓಮ್ ಇದೆ ಅಳೆಸು, ಅವನೇ ಬಂದಾಗ ಒಂದು ಆರ್‌ಸಿಸಿಬಿ ಹಾಕಿಸು. ನಿಮ್ಮ ಗುಂಡಿ ಎಲ್ಲಿದೆ, ಹಿತ್ತಲಲ್ಲಾ?

— ಮುಂದೆ, ಗೇಟಿನ ಹತ್ತಿರ ಇತ್ತು ಮಾವ. ಕಾರು ನಿಲ್ಲಿಸೋಕೆ ಅಂತ ಅದರ ಮೇಲೆ ಟೈಲ್ಸ್ ಹಾಕಿಸಿಬಿಟ್ಟಿದ್ದಾರೆ. ಆಲಿಕೆಯೂ ಒಳಗೇ ಹೋಯ್ತು.

— ಹಾಗಾದರೆ ವೈರ್‌ಮನ್ ಆಮೇಲೆ, ಮೊದಲು ಟೈಲ್ಸ್‌ನವನನ್ನ ಕರೆಸು.